ಜಗಲಿ ಪಕ್ಕದ ಕೋಣೆ

ಪುಟ್ಟೀ, ನಿನ್ನೆ ರಾತ್ರಿ ಹತ್ತೂವರೆಗೆ ನೀರು ಕುಡಿಯಲು ಎದ್ದಾಗ ನಿನ್ನ ಕೋಣೆಯಲ್ಲಿ ಇನ್ನೂ ದೀಪ ಉರಿಯುತ್ತಿತ್ತು. ಮಂಚದ ಮೇಲೆ ದಿಂಬಿಗೊರಗಿ, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಒಂದು ಕೈಯಲ್ಲಿ ಕುತ್ತಿಗೆ ನೀವಿಕೊಳ್ಳುತ್ತಾ ಕೂತಿದ್ದೆ. ಬೆಳಗ್ಗೆ ಮಾತಾಡೋಣವೆಂದರೆ ಏಳಕ್ಕೇ ನಿನ್ನ ಮೀಟಿಂಗ್ ಶುರುವಾಗಿತ್ತು. ಅದಕ್ಕೇ ಬರೆದಿಡುತ್ತಿದ್ದೇನೆ.

ಮನೆಯಿಂದ ಕೆಲಸ ಅನ್ನುವುದು 2020ರ ಲಾಕ್‌ಡೌನಿನಲ್ಲಿ ಹುಟ್ಟಿದ್ದೆಂದು ನಿನ್ನ ವಾರಿಗೆಯವರು ತಿಳಿದಿದ್ದೀರಿ. ಈ ಮನೆಗೆ ಅದು ಹೊಸದಲ್ಲ. ನನ್ನ ತಂದೆ ಊರಿನ ಶಾನುಭೋಗರು. 1963ರಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗುವವರೆಗೂ ಊರಿನ ಕಂದಾಯದ ಲೆಕ್ಕವೆಲ್ಲ ಜಗಲಿ ಪಕ್ಕದ ಕೋಣೆಯಲ್ಲೇ ನಡೆಯುತ್ತಿತ್ತು. ಹಿಂದಿನ ಶಾನುಭೋಗರು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲು ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುವುದು. ಬೇಡವಾದರೆ ಒರೆಸಿ ಮತ್ತೆ ಬರೆಯುವುದು. ನಿನ್ನ ಆಫೀಸಿನ ಫೈಲಿಗೆ ಕನ್ನಡದಲ್ಲಿ ಕಡತ ಅನ್ನುವುದು ಆ ಬಟ್ಟೆಯ ಹೆಸರಿನಿಂದ.

ಅಪ್ಪ ಕೂರುತ್ತಿದ್ದ ರೀತಿ ಕಣ್ಣಿಗೆ ಕಟ್ಟಿದ ಹಾಗಿದೆ. ಕಿಟಕಿ ಎಡಗಡೆ, ಬರೆಯುವ ಕೈಯ ನೆರಳು ಅಕ್ಷರದ ಮೇಲೆ ಬೀಳಬಾರದು. ಇನ್ನು ಮೇಲೆ ನಿನ್ನ ಕೆಲಸವೂ ಆ ಕೋಣೆಯಲ್ಲೇ ನಡೆಯಲಿ, ನಿನಗೂ ಕಿಟಕಿ ಪಕ್ಕದಲ್ಲೇ ಇರಲಿ. ಬೆನ್ನ ಹಿಂದಿದ್ದರೆ ಸ್ಕ್ರೀನಿನ ಮೇಲೆ ಹೊಳಪು ಹೊಡೆಯುತ್ತದೆ, ಎದುರಿಗಿದ್ದರೆ ಕಣ್ಣು ಕೋರೈಸುತ್ತದೆ. ದರಿಯಾ ದೌಲತ್ ಅರಮನೆಗೆ ಚಿಕ್ಕವಳಿದ್ದಾಗ ಕರೆದುಕೊಂಡು ಹೋಗಿದ್ದೆ, ನೆನಪಿದೆಯೇ? 1784ರ ಆ ಕಟ್ಟಡದ ಸುತ್ತ ಅಗಲವಾದ ಪಡಸಾಲೆ. ಬಿಸಿಲು ಅಲ್ಲೇ ನಿಂತು ಬೆಳಕಷ್ಟೇ ಒಳಗೆ ಬರುತ್ತದೆ. ನಮ್ಮ ಜಗಲಿಯೂ ಅದನ್ನೇ ಮಾಡುತ್ತದೆ. ಏಪ್ರಿಲ್‌ನಲ್ಲೂ ಆ ಕೋಣೆಯ ಮಣ್ಣಿನ ಗೋಡೆ ಮುಟ್ಟಿದರೆ ತಣ್ಣಗಿರುತ್ತದೆ.

ಲ್ಯಾಪ್‌ಟಾಪಿನ ಕೆಳಗೆ ದಪ್ಪ ಪುಸ್ತಕ ಪೇರಿಸು, ಸ್ಕ್ರೀನಿನ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಲಿ. ಕೀಬೋರ್ಡು, ಮೌಸು ಬೇರೆ ತಗೋ. ಪಾದ ನೆಲಕ್ಕೆ ಪೂರ್ತಿ ಊರದಿದ್ದರೆ ಊಟದ ಮಣೆ ಹಾಕಿಕೋ, ಅಟ್ಟದಲ್ಲಿ ನಾಲ್ಕಿವೆ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ಆಚೆಗೆ ಇಪ್ಪತ್ತು ಸೆಕೆಂಡು ನೋಡಬೇಕೆಂದು ಕಣ್ಣಿನ ಡಾಕ್ಟರು ಹೇಳುತ್ತಾರೆ. ಆ ಕಿಟಕಿಯಿಂದ ಕರಿಘಟ್ಟದ ಬೆಟ್ಟವೇ ಕಾಣುತ್ತದಲ್ಲಮ್ಮ, ಶ್ರೀನಿವಾಸನ ಗುಡಿಯವರೆಗೂ ಕಣ್ಣು ಹಾಯಿಸು. ವೈರಿಂಗ್ ಹಳೆಯದು. ಚಾರ್ಜಿಗೆ ಹಾಕಿದಾಗ ಲ್ಯಾಪ್‌ಟಾಪ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ನೀನೇ ಅಂದಿದ್ದೆ. ಅರ್ಥಿಂಗ್ ಸರಿಯಾಗುವವರೆಗೆ ಆ ಪ್ಲಗ್ ಮುಟ್ಟಬೇಡ.

ಇವೆಲ್ಲಕ್ಕಿಂತ ನನ್ನನ್ನು ಕೊರೆಯುತ್ತಿರುವುದು ಬೇರೆ. ಮನೆಯಲ್ಲೇ ಇದ್ದಾಳಲ್ಲ ಅಂತ ಹಾಲು ಉಕ್ಕದ ಹಾಗೆ ನೋಡು, ಸಿಲಿಂಡರಿನವನು ಬಂದ ನೋಡು ಎಂದು ದಿನಕ್ಕೆ ಹತ್ತು ಸಲ ನಿನ್ನನ್ನು ಎಬ್ಬಿಸುತ್ತೇವೆ. ಹಗಲು ಹೀಗೆ ಹರಿದುಹೋದದ್ದಕ್ಕೇ ರಾತ್ರಿ ಹತ್ತೂವರೆಯಾದರೂ ನಿನಗೆ ಮುಗಿಯುವುದಿಲ್ಲ. ಅಪ್ಪ ಆ ಕೋಣೆಯಲ್ಲಿ ಕೂತರೆ ಅಮ್ಮ ಹೊಸಿಲು ದಾಟುತ್ತಿರಲಿಲ್ಲ, ಕಾಫಿ ಲೋಟ ಬಾಗಿಲಲ್ಲೇ ಇಟ್ಟು ಹೋಗುತ್ತಿದ್ದಳು. ಅಪ್ಪನ ಕೆಲಸಕ್ಕೆ ಈ ಮನೆ ಕೊಟ್ಟ ಮರ್ಯಾದೆಯನ್ನು ನಿನ್ನ ಕೆಲಸಕ್ಕೂ ಕೊಡಬೇಕು. ನಿನ್ನ ಅಜ್ಜಿಗೂ ಅಮ್ಮನಿಗೂ ನಾನೇ ಹೇಳುತ್ತೇನೆ. ಬಾಗಿಲು ಹಾಕಿದ್ದರೆ ನೀನು ಮನೆಯಲ್ಲಿಲ್ಲ, ಅಷ್ಟೆ. ನಿನ್ನ ಪಾಲಿನದು ಒಂದಿದೆ: ದೇವರ ದೀಪ ಹಚ್ಚುವ ಹೊತ್ತಿಗೆ ಅಪ್ಪ ದೌತಿಯ ಮುಚ್ಚಳ ಹಾಕಿ, ಕೋಣೆಯ ಚಿಲಕ ಎಳೆದು ಬರುತ್ತಿದ್ದರು. ಆಮೇಲೆ ಯಾರು ಬಂದು ಕೂಗಿದರೂ ಲೆಕ್ಕದ ಪುಸ್ತಕ ಮರುದಿನವೇ. ನೀನೂ ಚಿಲಕ ಹಾಕಿ ಬಾ. ಲ್ಯಾಪ್‌ಟಾಪ್ ಮಂಚಕ್ಕೆ ಬರಕೂಡದು.

ಭಾನುವಾರ ಬಡಗಿ ಬರುತ್ತಾನೆ. ಮೇಜಿನ ಎತ್ತರ ಕೇಳಿದರೆ ಅಡಿ, ಇಂಚು ಹೇಳಬೇಡ. ಕುರ್ಚಿಯಲ್ಲಿ ನೆಟ್ಟಗೆ ಕೂತು ಮೊಣಕೈ ಮಡಚಿ ತೋರಿಸು, ಅಲ್ಲಿಗೆ ಗುರುತು ಹಾಕಿಕೊಳ್ಳಲಿ. ಜಗಲಿ ಪಕ್ಕದ ಕೋಣೆಯಲ್ಲಿದ್ದ ರಾಗಿ ಮೂಟೆಗಳನ್ನು ಹಿತ್ತಲ ಕೋಣೆಗೆ ಸಾಗಿಸಿಯಾಗಿದೆ.