ಕೆಳಗಿನ ತೋಟ ಮಾರುವ ಮೊದಲು

ಪುಟ್ಟಿ,

ನಿನ್ನಪ್ಪ ಮೊನ್ನೆ ರಾತ್ರಿ ಫೋನ್ ಮಾಡಿದ್ದ. ಕೃಷಿ ಜಮೀನು ಅಡ ಇಟ್ಟುಕೊಳ್ಳಲು ಬ್ಯಾಂಕಿನವರು ಒಪ್ಪುತ್ತಿಲ್ಲವಂತೆ, ಅದಕ್ಕೆ ಕೆಳಗಿನ ತೋಟವನ್ನೇ ಕೊಟ್ಟುಬಿಡುವ ಯೋಚನೆಯಂತೆ. "ಅವಳ ಓದಿಗಿಂತ ತೋಟ ಹೆಚ್ಚಾ ಅಕ್ಕಾ?" ಅಂದ. ಸಿಟ್ಟಿನಲ್ಲಿ ನನಗೆ ಮಾತೇ ಹೊರಡಲಿಲ್ಲ. ಆವತ್ತು ಹೇಳಬೇಕಾದದ್ದನ್ನು ಈಗ ನಿನಗೇ ಬರೆಯುತ್ತಿದ್ದೇನೆ. ಎರಡೆರಡು ಆಫರ್ ಲೆಟರ್ ಮುಂದಿಟ್ಟುಕೊಂಡು ಕೂತ ಮಕ್ಕಳು ಇವತ್ತು ಎಷ್ಟೋ ಮನೆಗಳಲ್ಲಿ ಇದ್ದಾರೆ, ಅವರೂ ಓದಲಿ ಅಂತ ಪತ್ರಿಕೆಗೇ ಕೊಟ್ಟೆ. ಬೇಜಾರು ಮಾಡಿಕೊಳ್ಳಬೇಡ.

ಹೋಗಬೇಡ ಅನ್ನುವವಳು ನಾನಲ್ಲ. 1984ರಲ್ಲಿ ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಅಮೆರಿಕಕ್ಕೆ ಹೊರಟಾಗ ಮನೆಯಲ್ಲಿ ನಡೆದ ರಂಪ ನೀನು ಕೇಳಿಲ್ಲ. ನನ್ನ ಮದುವೆಗೆಂದು ಮಾಡಿಸಿಟ್ಟ ಸರ ವಿಮಾನದ ಟಿಕೆಟ್ಟಿಗೆ ಹೋಯಿತು. ನೆಂಟರು ತಿಂಗಳುಗಟ್ಟಲೆ ಆಡಿಕೊಂಡರು. ನಿನ್ನ ಅಜ್ಜ ಮಾತ್ರ ಜಗಲಿಯಲ್ಲಿ ಕೂತು ಒಂದೇ ಮಾತು ಕೇಳಿದ್ದು: "ಅಲ್ಲಿ ನಿಂಗೆ ಊಟಕ್ಕೆ ಹಾಕೋರು ಯಾರು?" ಅಸಿಸ್ಟೆಂಟ್‌ಶಿಪ್ ಪತ್ರವನ್ನು ಒಂದೊಂದೇ ಸಾಲು ಓದಿ ಅರ್ಥ ಹೇಳಿದೆ. ವಾರಕ್ಕೆ ಇಪ್ಪತ್ತು ಗಂಟೆ ಅಲ್ಲಿನ ಡಿಗ್ರಿ ಮಕ್ಕಳಿಗೆ ಲ್ಯಾಬ್ ಹೇಳಿಕೊಡಬೇಕು, ಫೀಸು ಮಾಫಿ, ತಿಂಗಳ ತಿಂಗಳ ಸಂಬಳ. ಅಜ್ಜ ಆ ಪತ್ರ ಮಡಚಿ ಕಿಸೆಯಲ್ಲಿಟ್ಟುಕೊಂಡು "ಹಂಗಾದ್ರೆ ಹೋಗು" ಅಂದರು. ಇಂಗ್ಲಿಷ್ ಬಾರದ ಮನುಷ್ಯ ಕೇಳಿದ ಆ ಪ್ರಶ್ನೆಯನ್ನು ನೀನು ಇನ್ನೂ ಕೇಳಿಲ್ಲ.

ನಾನು ಹೋದದ್ದು ಕೊಳೆರೋಗದ ಹುಚ್ಚು ಹಿಡಿದು. ಆಷಾಢದ ಮಳೆಯಲ್ಲಿ ಹಸಿ ಅಡಿಕೆ ತೋಟದ ತುಂಬ ಉದುರಿ ಬೀಳುವುದನ್ನು, ಕೊನೆಗೌಡ ಜಾರುವ ಮರ ಏರಿ ಬೋರ್ಡೋ ಹೊಡೆಯುವುದನ್ನು ನೋಡಿ ಬೆಳೆದವಳು ನಾನು. ಆ ಮೈಲುತುತ್ತ-ಸುಣ್ಣದ ಮದ್ದನ್ನು ನಮ್ಮ ಅಡಿಕೆಗೆ ಒಗ್ಗಿಸಿದ ಲೆಸ್ಲಿ ಕೋಲ್ಮನ್ ಕೂಡ ಓದಲಿಕ್ಕೆಂದು ಸಮುದ್ರ ದಾಟಿದವರೇ. ಕೆನಡಾದವರು, ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ ಡಾಕ್ಟರೇಟ್ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಎರಡೇ ವರ್ಷಕ್ಕೆ, 1910ರಲ್ಲಿ, ಕೊಳೆರೋಗದ ಮೇಲೆ ಅವರ ವರದಿ ಅಚ್ಚಾಯಿತು. ಅವರು ಎಷ್ಟು ದೊಡ್ಡ ವಿಶ್ವವಿದ್ಯಾಲಯದಿಂದ ಬಂದವರು ಅಂತ ನಮ್ಮ ತೋಟದವರು ಯಾರೂ ವಿಚಾರಿಸಲಿಲ್ಲ.

ಅಮೆರಿಕದಲ್ಲಿ ಅಡಿಕೆ ಎಲ್ಲಿಂದ ಬರಬೇಕು? ಹೊರದೇಶದ ರೋಗಾಣುವನ್ನು ಸುಮ್ಮನೆ ಒಳಗೆ ಬಿಡುವುದೂ ಇಲ್ಲ. ಹಾಗಾಗಿ ಕೊಳೆರೋಗದ ದಾಯಾದಿ, ಸೋಯಾ ಗಿಡದ ಬೇರು ಕೊಳೆಸುವ ಫೈಟಾಫ್ತೊರಾ ನನ್ನ ಪಾಲಿಗೆ ಬಂತು. ವಿಭಾಗದವರು ಗೊತ್ತು ಮಾಡಿದ ಗೈಡ್ ಬಹಳ ದೊಡ್ಡ ಹೆಸರಿನವರು, ಅವರ ಪುಸ್ತಕವನ್ನು ನಾನು ಮೈಸೂರಿನಲ್ಲೇ ಓದಿದ್ದೆ. ಅವರನ್ನು ನೋಡಬೇಕಾದರೆ ಸೆಕ್ರೆಟರಿ ಹತ್ತಿರ ಹೆಸರು ಬರೆಸಬೇಕು. ಬರೆಸಿದರೂ ಒಂದು ಸಭೆ, ಆಮೇಲೆ ವಿಮಾನ, ಆಮೇಲೆ ಇನ್ನೊಂದು ಸಭೆ. ಆ ಚಳಿಗಾಲವಿಡೀ ನನ್ನ ತಟ್ಟೆಗಳಲ್ಲಿ ಒಂದು ಬೀಜಾಣುವೂ ಹುಟ್ಟಲಿಲ್ಲ. ಯಾಕೆ ಅಂತ ಕೇಳಲು ಯಾರೂ ಇರಲಿಲ್ಲ. ಹೊರಗೆ ಮೊಣಕಾಲುದ್ದ ಹಿಮ.

ನನ್ನ ಜೊತೆ ಮನೆ ಹಂಚಿಕೊಂಡ ಹುಡುಗಿಯ ಪಾಡು ಇನ್ನೂ ಕಷ್ಟದ್ದು. ಮೊದಲ ವರ್ಷ ಸ್ವಂತ ಖರ್ಚಿನಲ್ಲಿ ಬಾ, ಮುಂದೆ ನೋಡೋಣ ಎಂಬ ಮಾತು ನಂಬಿ ಬಂದವಳು. ಎರಡನೆಯ ವರ್ಷ ಯಾರೂ ಏನೂ ನೋಡಲಿಲ್ಲ. ಎಂ.ಎಸ್. ತೆಗೆದುಕೊಂಡು ವಾಪಸು ಹೋದಳು. ನನಗಿಂತ ಬುದ್ಧಿವಂತೆ, ಪುಟ್ಟಿ. ಅವಳ ಅಪ್ಪ ಮನೆ ಮಾರಿದ್ದರು.

ನನ್ನನ್ನು ಉಳಿಸಿದ್ದು ಅದೇ ಕಾರಿಡಾರಿನ ಕೊನೆಯಲ್ಲಿದ್ದ ಒಬ್ಬ ಅಸಿಸ್ಟೆಂಟ್ ಪ್ರೊಫೆಸರ್. ಕೆಲಸ ಇನ್ನೂ ಖಾಯಂ ಆಗದ ಹೆಂಗಸು, ಹೊಲದ ಮನೆಯಲ್ಲೇ ಹುಟ್ಟಿ ಬೆಳೆದವರು. ಅಲ್ಲಿ ವಿ8 ಅಂತ ಕುಡಿಯುವ ತರಕಾರಿ ರಸದ ಡಬ್ಬಿ ಸಿಗುತ್ತದೆ. ಆ ರಸವನ್ನು ಅಗಾರ್‌ಗೆ ಬೆರೆಸಿ ರೋಗಾಣು ಬೆಳೆಸಿದ್ದ ತಟ್ಟೆಗೆ ಅವರು ನೀರು ಹಾಕಿದರು, ಚೆಲ್ಲಿದರು, ಮತ್ತೆ ಹೊಸ ನೀರು ಹಾಕಿದರು. ಸಂಜೆವರೆಗೂ ಅದೇ ಕೆಲಸ. ಮರುದಿನ ಬೆಳಿಗ್ಗೆ ತಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಸ್ಟೂಲು ಎಳೆದು ನನ್ನ ಪಕ್ಕ ಕೂತು, ನೋಡ್ತಾ ಇರು ಅಂದರು. ಪುಟ್ಟ ಚೀಲವೊಂದರ ತುದಿ ಬಿಚ್ಚಿಕೊಂಡಿತು. ಒಳಗಿಂದ ಬೀಜಾಣುಗಳು ಒಂದರ ಹಿಂದೊಂದು ಈಜುತ್ತ ಹೊರಬಂದವು. ನಮ್ಮ ತೋಟದಲ್ಲಿ ಮಳೆನೀರು ಹಿಡಿದು ಗೊನೆಯಿಂದ ಗೊನೆಗೆ ರೋಗ ಹರಡುವುದು ಹೀಗೇ ಎಂದು ಆವತ್ತು ಕಣ್ಣಾರೆ ಕಂಡೆ. ಮುಂದಿನ ಸೆಮಿಸ್ಟರಿಗೆ ಅವರ ಲ್ಯಾಬಿಗೆ ಹೋದೆ. ನನ್ನ ಪಿಎಚ್‌ಡಿ ಆದದ್ದು ಅವರ ಕೈಕೆಳಗೆ.

ಈಗ ನಿನ್ನ ಎರಡು ಪತ್ರಗಳು. ಯಾವ ಕಡೆಗೂ ವಾಲದೆ ಹೇಳುತ್ತೇನೆ. ಹೆಸರಿರುವ ಜಾಗಕ್ಕೆ ಬೆಲೆ ಇಲ್ಲ ಅಂತಲ್ಲ, ಒಳ್ಳೆಯ ಉಪಕರಣ, ಒಳ್ಳೆಯ ಒಡನಾಟ, ಮುಂದೆ ಕೆಲಸಕ್ಕೂ ಅನುಕೂಲ. ಆದರೆ ಆ ಜಾಗದ ಪತ್ರದಲ್ಲಿ ಮೊದಲ ವರ್ಷದ ಖರ್ಚು ನಿನ್ನದು, ಮುಂದಿನದು ಆಮೇಲೆ ಅಂತಿದೆ. ಅಮೆರಿಕದಲ್ಲಿ ವಿಜ್ಞಾನದ ಪಿಎಚ್‌ಡಿಗೆ ಕೈಯಿಂದ ದುಡ್ಡು ಹಾಕಿ ಓದುವುದು ರೂಢಿಯೇ ಅಲ್ಲ. ಮುಗಿಯಲು ಐದಾರು ವರ್ಷ ಬೇಕು. ಕೆಳಗಿನ ತೋಟ ಒಂದೆರಡು ವರ್ಷಕ್ಕೆ ಆದೀತು, ಉಳಿದ ವರ್ಷಗಳಿಗೆ ಏನು ಮಾರುತ್ತೀರಿ? ಹೊರಗೆಲ್ಲಾದರೂ ದುಡಿದುಕೊಳ್ಳುತ್ತೇನೆ ಅಂದೆಯಂತೆ. ಎಫ್-1 ವೀಸಾದಲ್ಲಿ ಓದು ನಡೆಯುವಾಗ ಕ್ಯಾಂಪಸ್ಸಿನೊಳಗೇ ವಾರಕ್ಕೆ ಇಪ್ಪತ್ತು ಗಂಟೆ ಮೀರುವಂತಿಲ್ಲ, ಅನುಮತಿಯಿಲ್ಲದೆ ಹೊರಗಂತೂ ಇಲ್ಲವೇ ಇಲ್ಲ. ಫೀಸು ಕಟ್ಟಲಾಗದೆ ಓದು ನಿಂತರೆ ವೀಸಾದ ಆಧಾರವೂ ಹೋಯಿತು. ಇಷ್ಟನ್ನೂ ತಿಳಿದುಕೊಳ್ಳದೆ ಅಪ್ಪನನ್ನು ತೋಟ ಮಾರಲು ಹೊರಡಿಸಿದೆಯಲ್ಲ, ಮಾರಾಯ್ತಿ!

ಇನ್ನೊಂದು ಮಾತು ನನಗೆ ನೋವು ಕೊಟ್ಟಿತು. "ಆ ಮೆಕ್ಕೆಜೋಳದ ಊರಿಗೆ ಯಾರು ಹೋಗ್ತಾರೆ" ಅಂದೆಯಂತೆ, ಪೂರ್ತಿ ಖರ್ಚು ಕೊಡುತ್ತೇವೆ ಎಂದ ಇಂಡಿಯಾನಾದವರ ಬಗ್ಗೆ. ಸಿ.ಎನ್.ಆರ್. ರಾವ್ ಹೋಗಿದ್ದರು. 1958ರಲ್ಲಿ ಅವರ ಪಿಎಚ್‌ಡಿ ಆದದ್ದು ಅದೇ ರಾಜ್ಯದ ಪರ್ಡ್ಯೂನಲ್ಲಿ, ಮರುವರ್ಷವೇ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ ಬಂದರು. ಎ.ಕೆ. ರಾಮಾನುಜನ್ ಹೋಗಿದ್ದರು. ಅವರ ಭಾಷಾವಿಜ್ಞಾನದ ಡಾಕ್ಟರೇಟ್ ಅಲ್ಲಿನ ಇಂಡಿಯಾನಾ ವಿಶ್ವವಿದ್ಯಾಲಯದ್ದು, 1963ರದು. ಊರು ಸಣ್ಣದೆಂದು ಮೂಗು ಮುರಿಯುವ ಮೊದಲು ಇದು ಗೊತ್ತಿರಲಿ.

ಜೋರು ಮಾಡಿದೆ. ನೀನು ಹೊರಟು ನಿಂತದ್ದು ನನಗೆ ಎಷ್ಟು ಸಂತೋಷ ಅಂತ ಬರೆಯಲು ಬರುವುದಿಲ್ಲ. ಎಲೆಚುಕ್ಕಿ ರೋಗಕ್ಕೆ ತೋಟಕ್ಕೆ ತೋಟವೇ ಒಣಗುತ್ತಿರುವಾಗ ನಮ್ಮ ಮನೆಯ ಹುಡುಗಿಯೇ ಅದರ ಹಿಂದೆ ಬಿದ್ದಿದ್ದಾಳೆ ಅನ್ನುವುದು ಸಣ್ಣ ಮಾತಲ್ಲ.

ಏಪ್ರಿಲ್ 15ರವರೆಗೆ ನಿನಗೆ ಸಮಯ ಇದೆ. ಧನಸಹಾಯ ಕೊಡುವವರಿಗೆ ಅಷ್ಟರೊಳಗೆ ಉತ್ತರ ಹೇಳಬೇಕೆಂಬುದು ಅಲ್ಲಿನ ಬಹುತೇಕ ವಿಶ್ವವಿದ್ಯಾಲಯಗಳು ಒಪ್ಪಿಕೊಂಡ ಕಟ್ಟಳೆ, ಅದಕ್ಕೆ ಮೊದಲು ಅವಸರ ಮಾಡಿದರೆ ಹೆದರಬೇಡ. ಎಷ್ಟು ವರ್ಷ ಕೊಡುತ್ತಾರೆ, ಬೇಸಿಗೆ ರಜೆಯಲ್ಲೂ ಸಂಬಳ ಉಂಟಾ, ಆರೋಗ್ಯ ವಿಮೆ ಯಾರದು, ಎಲ್ಲವನ್ನೂ ಬರವಣಿಗೆಯಲ್ಲಿ ತರಿಸಿಕೋ. ಗೈಡ್ ಕೆಲಸ ಖಾಯಮ್ಮಾ, ಬೇರೆ ಕಡೆ ಹೋದರೆ ನಿನ್ನ ಗತಿ ಏನು ಅಂತಲೂ ಕೇಳು. ಅವರ ಕೈಕೆಳಗೆ ಓದುವವರ ಜೊತೆ, ಅವರಿಲ್ಲದಾಗ ಮಾತಾಡು. ಡಿಗ್ರಿ ಇಲ್ಲದೆ ಬಿಟ್ಟುಹೋದವರು ಯಾರಾದರೂ ಇದ್ದರೆ ಅವರೊಡನೆ ಇನ್ನೂ ಹೆಚ್ಚು ಮಾತಾಡು.

ಮೊದಲ ಸಂಬಳ ಕೈಗೆ ಬರಲು ತಿಂಗಳ ಮೇಲಾಗುತ್ತದೆ, ಬಾಡಿಗೆ ಮುಂಗಡ ಅದಕ್ಕೂ ಮೊದಲೇ ಕೇಳುತ್ತಾರೆ. ಆ ದುಡ್ಡು, ವಿಮಾನದ ಟಿಕೆಟ್ಟು ನನ್ನದು, ನೀನು ಎರಡರಲ್ಲಿ ಎಲ್ಲಿಗೇ ಹೋಗು. ನಿನ್ನಪ್ಪನಿಗೂ ಹೇಳಿದ್ದೇನೆ. ಭಾನುವಾರ ಫೋನ್ ಮಾಡುತ್ತೇನೆ. ಅಷ್ಟರೊಳಗೆ ಇಂಡಿಯಾನಾದ ಆ ಲ್ಯಾಬಿನ ಇಬ್ಬರು ವಿದ್ಯಾರ್ಥಿಗಳಿಗಾದರೂ ಬರೆದಿರು. ಉತ್ತರ ಬಂದಿದ್ದರೆ ನನಗೆ ಓದಿ ಹೇಳು.

ಇತಿ,
ನಿನ್ನ ಅತ್ತೆ