ನಂಟು ಬೇರೆ, ಅಂಟು ಬೇರೆ



ಕಳೆದ ಭಾನುವಾರದ ಓದಿನಲ್ಲಿ ತಂಗಿಯೊಬ್ಬರು ಕೇಳಿದರು: "ಅಂಟಿಕೊಳ್ಳೋದೇ ದುಃಖಕ್ಕೆ ಕಾರಣ ಅಂತೀರಿ. ಹಾಗಾದ್ರೆ ಗಂಡ ಹೆಂಡತಿ ಪ್ರೀತಿನೂ ತಪ್ಪಾ ಅಣ್ಣ?" ಅವತ್ತು ಉತ್ತರ ಹೊಳೆಯಲಿಲ್ಲ. ಇವತ್ತು ನನ್ನದೇ ಕಥೆ ಹೇಳುತ್ತೇನೆ.

ನಮ್ಮಮ್ಮ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದಳು. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ 6 ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಬೇಕೆಂದು ಆಗಿನ 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಅಮ್ಮನ ಫ್ಯಾಕ್ಟರಿಯಲ್ಲಿ ಬೋರ್ಡು ಇತ್ತು, ಒಳಗೆ ಬಟ್ಟೆ ಬಂಡಲ್. ಹಾಗಾಗಿ ನಾನು ಪಾವಗಡದ ಕಡೆ ಅಜ್ಜಿ ಹತ್ತಿರ ಬೆಳೆದೆ. ಅಮ್ಮ ಹಬ್ಬಕ್ಕೆ ಬರುತ್ತಿದ್ದಳು. ನಾನು ಅಳಬಾರದೆಂದು, ನಿದ್ದೆಯಲ್ಲಿರುವಾಗಲೇ ಹೋಗಿ ಬಸ್ಸು ಹತ್ತುತ್ತಿದ್ದಳು. ಎದ್ದು ನೋಡಿದರೆ ಚಾಪೆ ಖಾಲಿ.

ಈಗ ನನ್ನ ಹೆಂಡತಿಗೆ ವೈಟ್‌ಫೀಲ್ಡ್‌ನಲ್ಲಿ ಸೆಕೆಂಡ್ ಶಿಫ್ಟ್. ಫೋನ್ ಎತ್ತದಿದ್ದರೆ ಹತ್ತು ಹನ್ನೆರಡು ಸಲ ಮಾಡುತ್ತಿದ್ದೆ. ಮನೆಗೆ ಬಂದ ಮೇಲೆ ಮಾತೇ ಆಡುತ್ತಿರಲಿಲ್ಲ. "ನನ್ನ ಮೇಲೆ ಅನುಮಾನನಾ?" ಎಂದು ಒಂದು ದಿನ ಬ್ಯಾಗು ತುಂಬಿ ತವರಿಗೆ ಹೊರಟು ನಿಂತಳು. ಅದು ಖಾಲಿ ಚಾಪೆಯ ಭಯ ಎಂದು ನನಗೆ ಅರ್ಥವಾಗಿದ್ದು ಆಮೇಲೆ. ಹಾಗೆಂದು ನಾನು ಕೊಟ್ಟ ಹಿಂಸೆ ಸುಳ್ಳಾಗುವುದಿಲ್ಲ.

ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ತಾಯಿಯಿಂದ ಕೆಲವೇ ನಿಮಿಷ ದೂರವಿಟ್ಟು ಗಮನಿಸಿದರು. ತಾಯಿ ಮರಳಿದಾಗ ಹೆಚ್ಚಿನ ಮಕ್ಕಳು ಸಮಾಧಾನಗೊಂಡವು. ಕೆಲವು ಅಪ್ಪಿಕೊಂಡೂ ಸಿಟ್ಟಿನಿಂದ ಅತ್ತವು. ಕೆಲವು ಮುಖ ತಿರುಗಿಸಿದವು. ದೊಡ್ಡವರ ಪ್ರೇಮದಲ್ಲೂ ಈ ಮೂರು ರೀತಿ ಕಾಣುತ್ತದೆ ಎಂದು 1987ರಲ್ಲಿ ಹಜಾನ್ ಮತ್ತು ಶೇವರ್ ಬರೆದರು. ನಾನಂತೂ ಫೋನಿನಲ್ಲಿ ಅಳುವ ಮಗು, ಮನೆಯಲ್ಲಿ ಮುಖ ತಿರುಗಿಸುವ ಮಗು! ಆದರೆ ಇದು ಹಣೆಬರಹವಲ್ಲ, ಬದಲಾಗಬಲ್ಲದು.

ಸಿದ್ಧಾರ್ಥ 7 ದಿನದ ಕೂಸಾಗಿದ್ದಾಗ ಮಹಾಮಾಯೆ ತೀರಿಕೊಂಡರು. ಚಿಕ್ಕಮ್ಮ ಮಹಾಪ್ರಜಾಪತಿ ಗೌತಮಿ ಸಾಕಿದರು. ಬಾಬಾಸಾಹೇಬರೂ ಎಳವೆಯಲ್ಲೇ ತಾಯಿ ಭೀಮಾಬಾಯಿಯವರನ್ನು ಕಳೆದುಕೊಂಡರು. ಸೋದರತ್ತೆ ಮೀರಾಬಾಯಿ ನೋಡಿಕೊಂಡರು. ಹೆತ್ತವಳೇ ಆಗಬೇಕೆಂದಿಲ್ಲ, ಕರೆದಾಗ ಓಗೊಡುವ ಒಬ್ಬರು ಬೇಕು. ಅದು ನಂಟು. ಓಗೊಡುತ್ತಾರೋ ಇಲ್ಲವೋ ಎಂಬ ಭಯದಲ್ಲಿ ಬಿಗಿಯಾಗಿ ಹಿಡಿಯುವುದು ಅಂಟು. ಧಮ್ಮ ಬಿಡು ಎನ್ನುವುದು ಅದನ್ನು. ಆ ತಂಗಿಗೆ ನನ್ನ ಉತ್ತರ ಇದು.

ಈಗ ಫೋನ್ ಕೈಗೆತ್ತಿಕೊಂಡಾಗ ಮೊದಲು ಹತ್ತು ಉಸಿರು ಗಮನಿಸುತ್ತೇನೆ. ಅವಳು ಕ್ಯಾಬ್ ಹತ್ತಿದಾಗ "ಹೊರಟೆ" ಎಂದು ಒಂದು ಮೆಸೇಜ್ ಹಾಕುತ್ತಾಳೆ. ಮಗಳನ್ನು ಅಂಗನವಾಡಿಗೆ ಬಿಟ್ಟು ಕದ್ದು ಬರುವುದಿಲ್ಲ. "4 ಗಂಟೆಗೆ ಬರ್ತೀನಿ ಕಂದ" ಎಂದು ಹೇಳಿಯೇ ಬರುತ್ತೇನೆ. ಅಳುತ್ತಾಳೆ. 4ಕ್ಕೆ ಹೋಗಿ ನಿಲ್ಲುತ್ತೇನೆ.

ಜೈ ಭೀಮ್.