‘ಅಂತೆ’ ಕಂಡಲ್ಲೆಲ್ಲ ಉಪಮೆಯಲ್ಲ: ಅಲಂಕಾರ ಗುರುತಿಸುವ ಸೂತ್ರಗಳು

ಪರೀಕ್ಷೆಯಲ್ಲಿ ಒಂದು ಸಾಲು ಕೊಟ್ಟು ‘ಅಲಂಕಾರ ಹೆಸರಿಸಿ, ಸಮನ್ವಯಿಸಿ’ ಎನ್ನುತ್ತಾರೆ. ಲಕ್ಷಣ ಬಾಯಿಪಾಠ ಇದ್ದವರೂ ಇಲ್ಲಿ ಎಡವುತ್ತಾರೆ. ಅವರು ಸಾಲು ಓದುವುದಿಲ್ಲ, ಸುಳಿವಿನ ಪದ ಹುಡುಕುತ್ತಾರೆ.

1. ಪದ ಬದಲಿಸಿ ನೋಡಿ. ‘ಕಾಡಿನ ಕರಿಕಲ್ಲ ಕೆಳಗೆ ಕಪ್ಪೆ ಕೂಗಿತು.’ ಕಾಡಿನ ಬದಲು ಅರಣ್ಯ, ಕರಿಕಲ್ಲಿನ ಬದಲು ಬಂಡೆ ಎಂದರೆ ಅನುಪ್ರಾಸ ಸಡಿಲವಾಗುತ್ತದೆ. ಹಾಗಾಗಿ ಇದು ಶಬ್ದಾಲಂಕಾರ. ಸಮಾನಾರ್ಥಕ ಪದ ಹಾಕಿದರೂ ಚೆಲುವು ಉಳಿದರೆ ಅರ್ಥಾಲಂಕಾರ. ಈ ವಿಂಗಡಣೆ ಹಳೆಯದು: ಸುಮಾರು 850ರ ‘ಕವಿರಾಜಮಾರ್ಗ’ದ ಎರಡನೆಯ ಪರಿಚ್ಛೇದ ಶಬ್ದಾಲಂಕಾರಕ್ಕೆ, ಮೂರನೆಯದು ಅರ್ಥಾಲಂಕಾರಕ್ಕೆ ಮೀಸಲು.

2. ಉಪಮೆಯಲ್ಲಿ ನಾಲ್ಕನ್ನು ಹುಡುಕಿ. ‘ಅಜ್ಜಿಯ ಕೂದಲು ಹತ್ತಿಯಂತೆ ಬೆಳ್ಳಗಿದೆ.’ ಕೂದಲು ಉಪಮೇಯ, ಹತ್ತಿ ಉಪಮಾನ, ‘ಅಂತೆ’ ಉಪಮಾವಾಚಕ, ಬಿಳುಪು ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ. ‘ಬೆಳ್ಳಗಿದೆ’ ತೆಗೆದರೆ ಲುಪ್ತೋಪಮೆ. ಉಪಮೇಯ ಯಾವುದು, ಉಪಮಾನ ಯಾವುದು ಎಂದು ಗೊಂದಲವಾದರೆ ಒಂದೇ ಪ್ರಶ್ನೆ ಸಾಕು: ಕವಿ ಈಗ ಯಾವುದರ ವಿಷಯ ಹೇಳುತ್ತಿದ್ದಾನೆ? ಅದೇ ಉಪಮೇಯ.

3. ಅದೇ ಅಜ್ಜಿಯನ್ನು ಬಿಡಬೇಡಿ. ‘ಅಜ್ಜಿಯ ತಲೆಯೇ ಹತ್ತಿಯ ಹೊಲ’ ಎಂದರೆ ಎರಡಕ್ಕೂ ಭೇದವಿಲ್ಲ, ಅದು ರೂಪಕ. ‘ಹತ್ತಿಯ ಹೊಲವೇ ಅಜ್ಜಿಯ ತಲೆಯೇರಿ ಕೂತಿತೋ ಎಂಬಂತೆ ಕೂದಲು ಬೆಳ್ಳಗಿತ್ತು’ ಎಂದರೆ ಕವಿ ಇಲ್ಲದ್ದನ್ನು ಕಲ್ಪಿಸಿದ, ಅದು ಉತ್ಪ್ರೇಕ್ಷೆ. ಮೂರನ್ನೂ ಒಟ್ಟಿಗೆ ಬರೆದು ಕಲಿಯಿರಿ. ಬೇರೆ ಬೇರೆಯಾಗಿ ಕಲಿತವರಿಗೇ ಗೊಂದಲ ಜಾಸ್ತಿ.

4. ‘ಅಂತೆ’ಯನ್ನು ಕಣ್ಣುಮುಚ್ಚಿ ನಂಬಬೇಡಿ. ‘ಅವನು ಊರಿಗೆ ಹೋದನಂತೆ’ ಎಂಬುದು ಬರೀ ಸುದ್ದಿ. ‘ಹೇಳಿದಂತೆ ಮಾಡಿದ’ ಎಂಬಲ್ಲಿಯೂ ಉಪಮೆಯಿಲ್ಲ. ಹಳಗನ್ನಡ ಪದ್ಯದಲ್ಲಾದರೆ ‘ವೊಲ್’, ‘ವೋಲ್’ ಎಂಬ ರೂಪಗಳ ಮೇಲೂ ಕಣ್ಣಿಡಿ.

5. ಎರಡು ವಾಕ್ಯ ಇದ್ದರೆ ಅವುಗಳ ಸಂಬಂಧ ನೋಡಿ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ.’ ಇಲ್ಲಿ ಒಂದು ಇನ್ನೊಂದರ ಪ್ರತಿಬಿಂಬ. ನಡುವೆ ‘ಹಾಗೆ’ ಎಂಬ ಸೇತುವೆಯೂ ಇಲ್ಲ. ಇದು ದೃಷ್ಟಾಂತ. ‘ಸಿಗ್ನಲ್ ಬೀಳುವ ಮೊದಲೇ ಬೈಕ್ ನುಗ್ಗಿಸಿದ ರಮೇಶ ಕಾಲು ಮುರಿದುಕೊಂಡ, ಅವಸರದಿಂದ ಅಪಾಯ ತಪ್ಪುವುದೇ?’ ಇಲ್ಲಿ ರಮೇಶನದು ವಿಶೇಷ ವಾಕ್ಯ, ಅವಸರದ್ದು ಎಲ್ಲರಿಗೂ ಅನ್ವಯಿಸುವ ಸಾಮಾನ್ಯ ವಾಕ್ಯ. ಒಂದು ಇನ್ನೊಂದನ್ನು ಸಮರ್ಥಿಸಿದರೆ ಅರ್ಥಾಂತರನ್ಯಾಸ.

6. ಶ್ಲೇಷೆಗೆ ನಿಘಂಟೇ ಗುರು. ಒಂದೇ ಪದಕ್ಕೆ ಎರಡು ಅರ್ಥ, ಎರಡೂ ಅಲ್ಲಿ ಹೊಂದಬೇಕು.

7. ಕವಿಯ ಹೆಸರು ನೋಡಿ ಉತ್ತರ ಬರೆಯಬೇಡಿ. ಕುಮಾರವ್ಯಾಸ ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ನಿಜ. ಹಾಗೆಂದು ಅವನ ಸಾಲೆಲ್ಲ ರೂಪಕವಲ್ಲ, ಉಪಮೆಗಳೂ ಅಲ್ಲಿ ಧಾರಾಳ.

8. ಸಮನ್ವಯದಲ್ಲಿ ಲಕ್ಷಣವನ್ನೇ ಮತ್ತೆ ಬರೆಯಬೇಡಿ. ಕೊಟ್ಟ ಸಾಲಿನ ಪದಗಳನ್ನೇ ಎತ್ತಿ ಬರೆಯಿರಿ: ‘ಇಲ್ಲಿ ಉಪಮೇಯವಾದ ಕೂದಲನ್ನು ಉಪಮಾನವಾದ ಹತ್ತಿಗೆ ಹೋಲಿಸಲಾಗಿದೆ, ಬಿಳುಪು ಸಮಾನಧರ್ಮ, ಆದ್ದರಿಂದ ಉಪಮಾಲಂಕಾರ.’